ಓದುಗರ ಪ್ರಶ್ನೆ: ರೇಡಿಯೋದಲ್ಲಿ ಅಬ್ಬರಿಸುವ ಗ್ಯಾಲಕ್ಸಿಗೆ ಎಕ್ಸ್‌ರೇ ಎಲ್ಲಿಂದ ಬರುತ್ತದೆ?

ಕಳೆದ ಸಂಚಿಕೆಯಲ್ಲಿ ಕ್ವೇಸಾರ್‌ಗಳ (ನಡುವಿನ ದೈತ್ಯ ಕಪ್ಪುಕುಳಿಯಿಂದಾಗಿ ಅತಿ ಪ್ರಖರವಾಗಿ ಹೊಳೆಯುವ ಗ್ಯಾಲಕ್ಸಿ ಕೇಂದ್ರಗಳ) ಬಗ್ಗೆ ಬರೆಯುವಾಗ, ರೇಡಿಯೋ ಅಲೆಗಳಲ್ಲಿ ಪ್ರಬಲವಾದ ಕ್ವೇಸಾರ್‌ಗಳು ಎಕ್ಸ್‌ರೇಯಲ್ಲೂ ಉಳಿದವಕ್ಕಿಂತ ಪ್ರಬಲ ಎಂದು ಒಂದು ಸಾಲು ಬರೆದು ಮುಂದಕ್ಕೆ ಹೋಗಿದ್ದೆ. ಬಂದ ಪತ್ರಗಳೆಲ್ಲ ಆ ಸಾಲನ್ನೇ ಹಿಡಿದು ಕೇಳಿವೆ. ನನಗೆ ಇದಕ್ಕಿಂತ ಖುಷಿಯ ವಿಷಯ ಇನ್ನೊಂದಿಲ್ಲ. ಈ ಸಲದ ಪುಟಗಳು ಪೂರ್ತಿ ಅದಕ್ಕೇ.

ಪ್ರಶ್ನೆ: ರೇಡಿಯೋ ಗ್ಯಾಲಕ್ಸಿ ಅಂತ ಬರೀತೀರಿ ಮೇಡಂ. ನಮ್ಮನೇಲಿ ಬೆಳಗಾದರೆ ಭದ್ರಾವತಿ ಆಕಾಶವಾಣಿ ಹಾಕ್ತೀವಿ. ಹಾಗೆ ಅಲ್ಲಿಂದಲೂ ಏನಾದರೂ ಕೇಳಿಸುತ್ತಾ? ಯಾವುದು ಜೋರು, ಯಾವುದು ಮೆತ್ತಗೆ ಅಂತ ಹೇಗೆ ತೀರ್ಮಾನ ಮಾಡ್ತಾರೆ? (ಅಡಿಕೆ ಬೆಳೆಗಾರರು, ಹೊಸನಗರ)

ಉತ್ತರ: ಮಾತೂ ಇಲ್ಲ, ಹಾಡೂ ಇಲ್ಲ. ರಿಸೀವರ್‌ಗೆ ಸ್ಪೀಕರ್ ಜೋಡಿಸಿದರೆ ಬರುವುದು ಬರೀ ಭೋರೆನ್ನುವ ಸದ್ದು. ಆದರೆ ಅಲೆ ನಿಮ್ಮ ಆಕಾಶವಾಣಿಯ ಜಾತಿಯದೇ. ಪ್ರಸಾರದ ಗೋಪುರದಲ್ಲಿ ಎಲೆಕ್ಟ್ರಾನ್‌ಗಳು ಹಿಂದಕ್ಕೂ ಮುಂದಕ್ಕೂ ತುಯ್ದಾಡಿ ಅಲೆ ಹುಟ್ಟಿಸುತ್ತವೆ. ಗ್ಯಾಲಕ್ಸಿಯಲ್ಲಿ ಹೆಚ್ಚುಕಡಿಮೆ ಬೆಳಕಿನಷ್ಟೇ ವೇಗವಾಗಿ ಓಡುವ ಎಲೆಕ್ಟ್ರಾನ್‌ಗಳು ಕಾಂತಕ್ಷೇತ್ರಕ್ಕೆ ಸಿಕ್ಕಿ ಸುರುಳಿ ಸುತ್ತುತ್ತ ಹುಟ್ಟಿಸುತ್ತವೆ. ಇದಕ್ಕೆ ಸಿಂಕ್ರೊಟ್ರಾನ್ ವಿಕಿರಣ ಎಂದು ಹೆಸರು. ಈ ಪದವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಜೋರೋ ಮೆತ್ತಗೋ ಎನ್ನುವುದಕ್ಕೆ ಸರಳವಾದ ಲೆಕ್ಕವಿದೆ. 5 ಗಿಗಾಹರ್ಟ್ಸ್‌ನಲ್ಲಿ ಬರುವ ರೇಡಿಯೋ ಪ್ರಖರತೆಯನ್ನು ನೀಲಿ ಬೆಳಕಿನ ಪ್ರಖರತೆಯಿಂದ ಭಾಗಿಸುತ್ತಾರೆ. ಉತ್ತರ 10ಕ್ಕಿಂತ ಹೆಚ್ಚು ಬಂದರೆ ಅದು ರೇಡಿಯೋ ಪ್ರಬಲ. ಕ್ವೇಸಾರ್‌ಗಳಲ್ಲಿ ಹತ್ತಕ್ಕೆ ಸುಮಾರು ಒಂದು ಮಾತ್ರ ಹೀಗಿರುತ್ತದೆ. ಉಳಿದ ಒಂಬತ್ತರ ನಡುವೆಯೂ ದೈತ್ಯ ಕಪ್ಪುಕುಳಿ ಇದೆ, ಅದರ ಸುತ್ತ ಬಿಸಿ ಅನಿಲದ ತಟ್ಟೆ ಇದೆ. ಇಲ್ಲದಿರುವುದು ಒಂದೇ: ಕಪ್ಪುಕುಳಿಯ ಬುಡದಿಂದ ಎರಡೂ ಕಡೆಗೆ ಚಿಮ್ಮಿ, ಗ್ಯಾಲಕ್ಸಿಯನ್ನೇ ದಾಟಿ ಹೋಗುವ ಬಲವಾದ ಜೆಟ್, ಅಂದರೆ ಕಣಗಳ ಧಾರೆ.

ಈ ಎರಡು ಕಡೆಯ ಕಥೆಯಲ್ಲಿ ನಮ್ಮ ದೇಶದವರೊಬ್ಬರ ಪಾಲಿದೆ, ಅದು ಹೆಚ್ಚು ಜನಕ್ಕೆ ಗೊತ್ತಿಲ್ಲ. 1953ರಲ್ಲಿ ಇಂಗ್ಲೆಂಡಿನ ಜಾಡ್ರೆಲ್ ಬ್ಯಾಂಕ್‌ನಲ್ಲಿ ರೋಜರ್ ಜೆನ್ನಿಸನ್ ಮತ್ತು ಮೃಣಾಲ್ ಕುಮಾರ್ ದಾಸ್‌ಗುಪ್ತ ಸೇರಿ, ಸಿಗ್ನಸ್ ಎ ಎಂಬ ಪ್ರಬಲ ರೇಡಿಯೋ ಮೂಲ ಒಂದಲ್ಲ, ಅಕ್ಕಪಕ್ಕದ ಎರಡು ಎಂದು ತೋರಿಸಿದರು. ಗ್ಯಾಲಕ್ಸಿ ಇರುವುದು ಅವೆರಡರ ನಡುವೆ. ಗ್ಯಾಲಕ್ಸಿ ಒಂದು ಕಡೆ, ರೇಡಿಯೋ ಅಲೆ ಹೊರಡುವುದು ಇನ್ನೊಂದು ಕಡೆ ಎಂದರೆ, ನಡುವಿನಿಂದ ಅಲ್ಲಿಯವರೆಗೆ ಶಕ್ತಿಯನ್ನು ಏನೋ ಹೊತ್ತು ಸಾಗಿಸುತ್ತಿರಬೇಕು. ಜೆಟ್ ಎನ್ನುವ ಕಲ್ಪನೆಗೆ ದಾರಿಯಾದದ್ದು ಈ ಪ್ರಶ್ನೆ.

ಪ್ರಶ್ನೆ: ನಾನು ಆಸ್ಪತ್ರೆಯಲ್ಲಿ ಎಕ್ಸ್‌ರೇ ಟೆಕ್ನಿಷಿಯನ್. ನಮ್ಮ ಟ್ಯೂಬಿನಲ್ಲಿ ಎಲೆಕ್ಟ್ರಾನ್ ಹೋಗಿ ಟಂಗ್‌ಸ್ಟನ್‌ಗೆ ಬಡಿದರೆ ಎಕ್ಸ್‌ರೇ ಹುಟ್ಟುತ್ತದೆ. ಗ್ಯಾಲಕ್ಸಿಯಲ್ಲಿ ಬಡಿಯಲಿಕ್ಕೆ ಏನಿದೆ? ಅಲ್ಲಿಯ ಕಿರಣ ನಮ್ಮದಕ್ಕಿಂತ ಜೋರೇ? (ಶಿವಮೊಗ್ಗ)

ಉತ್ತರ: ಈ ತಿಂಗಳ ಪತ್ರಗಳಲ್ಲಿ ನನಗೆ ಅತಿ ಇಷ್ಟವಾದ ಪ್ರಶ್ನೆ ಇದು. ದಿನವೂ ಆ ಯಂತ್ರದ ಮುಂದೆ ನಿಂತವರಿಗೆ ಮಾತ್ರ ಹೊಳೆಯುವಂಥದ್ದು.

ಮೊದಲು ಜೋರಿನ ಮಾತು. ಎದೆಯ ಚಿತ್ರ ತೆಗೆಯುವಾಗ ನೀವು 100 ಕಿಲೋವೋಲ್ಟ್‌ನ ಆಸುಪಾಸಿನಲ್ಲಿ ಇಡುತ್ತೀರಿ, ಅಂದರೆ ಕಿರಣದ ಶಕ್ತಿ 100 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ವರೆಗೆ ಹೋಗುತ್ತದೆ. ಚಂದ್ರಾ ಎಂಬ ಬಾಹ್ಯಾಕಾಶ ದೂರದರ್ಶಕ ಮುಖ್ಯವಾಗಿ ನೋಡುವುದು 0.5ರಿಂದ 8 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನ ಕಿರಣಗಳನ್ನು. ಅಂದರೆ ಬಿಡಿ ಬಿಡಿಯಾಗಿ ನೋಡಿದರೆ ನಿಮ್ಮ ಕಿರಣವೇ ಜೋರು. ಅಷ್ಟು ಮೆದುವಾದ ಎಕ್ಸ್‌ರೇಯನ್ನು ನಿಮ್ಮ ಟ್ಯೂಬಿನ ಮುಂದಿರುವ ಅಲ್ಯೂಮಿನಿಯಂ ಫಿಲ್ಟರೇ ನುಂಗಿಬಿಡುತ್ತದೆ. ಭೂಮಿಯ ಗಾಳಿಯೂ ನುಂಗುತ್ತದೆ. ಅದಕ್ಕೇ ಈ ವಿದ್ಯೆ ರಾಕೆಟ್ ಮತ್ತು ಉಪಗ್ರಹ ಬಂದ ಮೇಲಷ್ಟೇ ಶುರುವಾದದ್ದು. 3ಸಿ 273 ಎಂಬ ಕ್ವೇಸಾರ್‌ನಿಂದ ಎಕ್ಸ್‌ರೇ ಬರುತ್ತದೆ ಎಂದು ರಾಕೆಟ್ ಪ್ರಯೋಗದಿಂದ ತಿಳಿದದ್ದು 1970ರಲ್ಲಿ. ಅದೇ ವರ್ಷದ ಡಿಸೆಂಬರ್ 12ರಂದು ಕೀನ್ಯಾದ ಕರಾವಳಿಯಾಚೆಯ ತೇಲುವೇದಿಕೆಯಿಂದ ಹಾರಿದ ಉಹುರು ಉಪಗ್ರಹ ಅದನ್ನು ಗಟ್ಟಿ ಮಾಡಿತು. ಇನ್ನು 2012ರಲ್ಲಿ ಹಾರಿದ ನೂಸ್ಟಾರ್ 79 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ವರೆಗೆ ನೋಡುತ್ತದೆ, ಅದು ನಿಮ್ಮ ಯಂತ್ರದ ವ್ಯಾಪ್ತಿಗೆ ಬಂತು.

ಈಗ ಬಡಿಯುವ ವಿಷಯ. ಟಂಗ್‌ಸ್ಟನ್ ಒಳಗೆ ನಡೆಯುವುದೇನು? ಎಲೆಕ್ಟ್ರಾನ್ ಒಂದು ಪರಮಾಣುವಿನ ಬೀಜದ ಹತ್ತಿರ ಹಾಯುವಾಗ ಅದರ ದಾರಿ ಬಾಗುತ್ತದೆ, ವೇಗ ಕುಗ್ಗುತ್ತದೆ, ಕಳೆದುಕೊಂಡ ಶಕ್ತಿ ಎಕ್ಸ್‌ರೇ ಆಗಿ ಹೊರಡುತ್ತದೆ. ಇದಕ್ಕೆ ಘನ ಲೋಹ ಬೇಕೇ ಬೇಕು ಎಂದೇನಿಲ್ಲ. ಎಂ87 ಎಂಬ ದೊಡ್ಡ ಗ್ಯಾಲಕ್ಸಿಯ ಸುತ್ತ ಕೋಟಿಗಟ್ಟಲೆ ಡಿಗ್ರಿ ಬಿಸಿಯಾದ, ಬಹಳ ತೆಳುವಾದ ಅನಿಲ ಹರಡಿಕೊಂಡಿದೆ. ಅದರಲ್ಲಿ ಎಲೆಕ್ಟ್ರಾನ್‌ಗಳು ಪ್ರೋಟಾನ್‌ಗಳ ಪಕ್ಕದಲ್ಲಿ ಹಾಯುವಾಗ ನಡೆಯುವುದು ನಿಮ್ಮ ಟ್ಯೂಬಿನ ಕೆಲಸವೇ. ಹಾಗಾಗಿ ನಿಮ್ಮ ಎಕ್ಸ್‌ರೇ ಆಕಾಶದಲ್ಲೂ ಇದೆ.

ಆದರೆ ಕ್ವೇಸಾರ್‌ನ ಎಕ್ಸ್‌ರೇಯ ಬಹುಪಾಲು ಹುಟ್ಟುವುದು ಬೇರೆ ರೀತಿ. ದೈತ್ಯ ಕಪ್ಪುಕುಳಿಯ ಸುತ್ತಲಿನ ತಟ್ಟೆ ಅತಿನೇರಳೆ ಬೆಳಕಿನಲ್ಲಿ ಉಜ್ವಲ, ಎಕ್ಸ್‌ರೇ ಕೊಡುವಷ್ಟು ಬಿಸಿ ಅದಕ್ಕಿಲ್ಲ. ಆ ತಟ್ಟೆಯ ಮೇಲೆ, ಕಪ್ಪುಕುಳಿಗೆ ತೀರಾ ಹತ್ತಿರ, ನೂರು ಕೋಟಿ ಡಿಗ್ರಿಯ ಆಸುಪಾಸಿನ ಎಲೆಕ್ಟ್ರಾನ್‌ಗಳ ಮೋಡವಿದೆ. ಅದಕ್ಕೆ ಕರೋನಾ ಎನ್ನುತ್ತಾರೆ. ತಟ್ಟೆಯಿಂದ ಹೊರಟ ಅತಿನೇರಳೆ ಫೋಟಾನ್, ಅಂದರೆ ಬೆಳಕಿನ ಕಣ, ಈ ಎಲೆಕ್ಟ್ರಾನ್‌ಗೆ ಎದುರಾಗುತ್ತದೆ. ಊರ ಮೈದಾನದ ವಾಲಿಬಾಲ್ ಪಂದ್ಯದಲ್ಲಿ ಮೆಲ್ಲಗೆ ಎತ್ತಿ ಕೊಟ್ಟ ಚೆಂಡಿಗೆ ಹಾರಿ ಬಂದವನ ಕೈ ಬಿದ್ದಾಗ ಆಗುವಂತೆ, ಫೋಟಾನ್ ಹಲವು ಪಟ್ಟು ಶಕ್ತಿ ಪಡೆದು ಎಕ್ಸ್‌ರೇ ಆಗಿ ಹೊರಡುತ್ತದೆ. ಇದು ವಿಲೋಮ ಕಾಂಪ್ಟನ್ ಚದುರುವಿಕೆ. ಇಲ್ಲಿ ಎಲೆಕ್ಟ್ರಾನ್ ಬಡಿಯುವುದು ಲೋಹಕ್ಕಲ್ಲ, ಬೆಳಕಿಗೆ.

ಕರೋನಾ ರೇಡಿಯೋ ಪ್ರಬಲ ಕ್ವೇಸಾರ್‌ಗೂ ಇದೆ, ಮೆತ್ತಗಿನದಕ್ಕೂ ಇದೆ. ಪ್ರಬಲವಾದದ್ದರಲ್ಲಿ ಅದರ ಮೇಲೆ ಜೆಟ್‌ನ ಪಾಲೂ ಸೇರುತ್ತದೆ. ಜೆಟ್‌ನ ಎಲೆಕ್ಟ್ರಾನ್‌ಗಳು ಸಾಕಷ್ಟು ಶಕ್ತಿ ಗಳಿಸಿದ್ದರೆ ಸುರುಳಿ ಸುತ್ತುತ್ತಲೇ ನೇರವಾಗಿ ಎಕ್ಸ್‌ರೇ ಕೊಡುತ್ತವೆ. ಇಲ್ಲವೇ ತಾವೇ ಹೊರಹಾಕಿದ ರೇಡಿಯೋ ಫೋಟಾನ್‌ಗಳನ್ನೋ, ತಟ್ಟೆಯ ಬೆಳಕನ್ನೋ ಹೊಡೆದು ಎಕ್ಸ್‌ರೇ ಮಾಡುತ್ತವೆ. 1978ರಲ್ಲಿ ಹಾರಿದ ಐನ್‌ಸ್ಟೈನ್ ವೀಕ್ಷಣಾಲಯದ ಅಳತೆಗಳಲ್ಲಿ ಇದು ಎದ್ದು ಕಂಡಿತು: ಕಣ್ಣಿಗೆ ಕಾಣುವ ಬೆಳಕಿನಲ್ಲಿ ಸರಿಸಮನಾದ ಎರಡು ಕ್ವೇಸಾರ್‌ಗಳಲ್ಲಿ ರೇಡಿಯೋ ಪ್ರಬಲವಾದದ್ದು ಎಕ್ಸ್‌ರೇಯಲ್ಲಿ ಸರಾಸರಿ ಸುಮಾರು ಮೂರು ಪಟ್ಟು ಪ್ರಖರ. ನಾನು ಬರೆದ ಆ ಒಂದು ಸಾಲಿನ ಹಿಂದಿದ್ದದ್ದು ಇಷ್ಟು.

ಪ್ರಶ್ನೆ: ಕರೋನಾದಿಂದ ಬಂದದ್ದು, ಜೆಟ್‌ನಿಂದ ಬಂದದ್ದು ಎರಡೂ ಕೂಡಿ ದೂರದರ್ಶಕಕ್ಕೆ ಒಂದೇ ಚುಕ್ಕೆಯಾಗಿ ಕಾಣುತ್ತದೆ. ಬೇರ್ಪಡಿಸುವುದು ಹೇಗೆ? (ವಿಜ್ಞಾನ ಶಿಕ್ಷಕರು, ಸಾಗರ)

ಉತ್ತರ: ಸರ್, ಈ ಕ್ಷೇತ್ರದವರ ಅರ್ಧ ಆಯುಷ್ಯ ಹೋಗುವುದೇ ಇದರಲ್ಲಿ. ಬರೀ ಪ್ರಖರತೆ ಅಳೆದರೆ ಎಂದೂ ಗೊತ್ತಾಗುವುದಿಲ್ಲ. ಬೇರೆ ಬೇರೆ ಸುಳಿವುಗಳನ್ನು ಜೊತೆಗಿಟ್ಟು ನೋಡಬೇಕು.

ಒಂದು ಸುಳಿವು ರೋಹಿತದ ಇಳಿಜಾರು, ಅಂದರೆ ಕಿರಣದ ಶಕ್ತಿ ಏರಿದಂತೆ ಫೋಟಾನ್‌ಗಳು ಎಷ್ಟು ಬೇಗ ಕಡಿಮೆಯಾಗುತ್ತವೆ ಎಂಬುದು. ರೇಡಿಯೋದಲ್ಲಿ ಮೆತ್ತಗಿನ ಕ್ವೇಸಾರ್‌ನಲ್ಲಿ 1 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನಿಂದ 10ಕ್ಕೆ ಹೋಗುವಷ್ಟರಲ್ಲಿ ಫೋಟಾನ್‌ಗಳ ಸಾಂದ್ರತೆ ಸುಮಾರು 80ನೇ ಒಂದು ಪಾಲಿಗೆ ಇಳಿಯುತ್ತದೆ. ಪ್ರಬಲವಾದವುಗಳಲ್ಲಿ 40ನೇ ಒಂದು ಪಾಲಿಗೆ ಇಳಿಯುವುದು ಸಾಮಾನ್ಯ. ಗಡಸು ಎಕ್ಸ್‌ರೇಯ ಕಡೆ ಜೆಟ್ ತನ್ನದನ್ನು ಸೇರಿಸುತ್ತಿದೆ ಎಂದರ್ಥ. ಇನ್ನೊಂದು ಸುಳಿವು ಕಬ್ಬಿಣ. ಕರೋನಾದ ಎಕ್ಸ್‌ರೇ ಕೆಳಗಿನ ತಟ್ಟೆಗೆ ಬಿದ್ದಾಗ ಅಲ್ಲಿಯ ಕಬ್ಬಿಣದ ಪರಮಾಣುಗಳು 6.4 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನಲ್ಲಿ ಹೊಳೆಯುತ್ತವೆ. ಜೆಟ್‌ನ ಎಕ್ಸ್‌ರೇ ತಟ್ಟೆಗೆ ಬೆನ್ನು ಹಾಕಿ ಹೊರಗೆ ಹೋಗುವುದರಿಂದ ಈ ಗೆರೆಯನ್ನು ಮೂಡಿಸುವುದಿಲ್ಲ. ಗೆರೆ ಮಂಕಾದಷ್ಟೂ ಜೆಟ್‌ನ ಕೈ ಮೇಲಾಗಿದೆ ಎಂದು ತಿಳಿಯಬಹುದು. ಜೆಟ್ ನಮ್ಮ ಕಡೆಗೇ ಮುಖ ಮಾಡಿದ್ದರೆ ಅದರ ಬೆಳಕು ಹಲವಾರು ಪಟ್ಟು ಹೆಚ್ಚಿ ಕರೋನಾವನ್ನು ಮುಚ್ಚಿಯೇ ಬಿಡುತ್ತದೆ. ಅಂಥವಕ್ಕೆ ಬ್ಲೇಜಾರ್ ಎನ್ನುತ್ತಾರೆ.

ಆದರೆ ಎರಡಕ್ಕೂ ಇರುವ ನಂಟನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ್ದು 3ಸಿ 120 ಎಂಬ ರೇಡಿಯೋ ಗ್ಯಾಲಕ್ಸಿ. 2002ರಲ್ಲಿ ಪ್ರಕಟವಾದ ಆ ಕೆಲಸವನ್ನು ನಾನು ಯಾವ ತರಗತಿಯಲ್ಲೂ ಹೇಳದೆ ಬಿಟ್ಟಿಲ್ಲ. ಅದರ ಎಕ್ಸ್‌ರೇಯನ್ನು ಉಪಗ್ರಹದಿಂದಲೂ, ಜೆಟ್‌ನ ಬುಡವನ್ನು ರೇಡಿಯೋ ದೂರದರ್ಶಕಗಳ ಜಾಲದಿಂದಲೂ ವರ್ಷಗಟ್ಟಲೆ ಗಮನಿಸಿದರು. ಎಕ್ಸ್‌ರೇ ಇದ್ದಕ್ಕಿದ್ದಂತೆ ಕುಸಿಯುತ್ತದೆ. ಸುಮಾರು ನಾಲ್ಕು ವಾರ ಕಳೆದ ಮೇಲೆ ಜೆಟ್‌ನ ಬುಡದಲ್ಲಿ ಹೊಸದೊಂದು ಹೊಳೆಯುವ ಗಂಟು ಹೊರಡುತ್ತದೆ. ಮತ್ತೆ ಕುಸಿತ, ಮತ್ತೆ ಗಂಟು. ತಟ್ಟೆಯ ಒಳಅಂಚು ಕಪ್ಪುಕುಳಿಗೆ ಬೀಳುತ್ತದೆ, ಅದರಲ್ಲಿ ಒಂದು ಪಾಲು ಒಳಗೆ ಹೋಗದೆ ಜೆಟ್ ಸೇರಿ ಹೊರಗೆ ಬರುತ್ತದೆ. ಎಕ್ಸ್‌ರೇಯನ್ನಷ್ಟೇ ನೋಡುತ್ತಿದ್ದರೆ ಇದು ಗೊತ್ತಾಗುತ್ತಿರಲಿಲ್ಲ, ರೇಡಿಯೋ ಒಂದನ್ನೇ ನೋಡುತ್ತಿದ್ದರೂ ಇಲ್ಲ. ಮಕ್ಕಳಿಗೆ ನಾವು ರೇಡಿಯೋ ಖಗೋಳ, ಎಕ್ಸ್‌ರೇ ಖಗೋಳ ಎಂದು ಬೇರೆ ಬೇರೆ ಅಧ್ಯಾಯ ಮಾಡಿ ಕಲಿಸುತ್ತೇವಲ್ಲ, ಅದು ನನಗೆ ಮೊದಲಿನಿಂದಲೂ ಸಮಾಧಾನ ಕೊಟ್ಟಿಲ್ಲ.

ಈಗ ಧ್ರುವೀಕರಣವೂ, ಅಂದರೆ ಅಲೆಗಳ ಕಂಪನ ಒಂದೇ ದಿಕ್ಕಿಗೆ ಎಷ್ಟು ಒಲಿದಿದೆ ಎಂಬ ಅಳತೆಯೂ, ಸೇರಿಕೊಂಡಿದೆ. 2021ರ ಡಿಸೆಂಬರ್‌ನಲ್ಲಿ ಹಾರಿದ ಐಎಕ್ಸ್‌ಪಿಇ ಉಪಗ್ರಹ ಮಾರ್ಕೇರಿಯನ್ 501 ಎಂಬ ಬ್ಲೇಜಾರ್‌ನ ಎಕ್ಸ್‌ರೇ ಸುಮಾರು ಶೇಕಡ 10ರಷ್ಟು ಧ್ರುವೀಕೃತವಾಗಿದೆ ಎಂದು ಕಂಡಿತು. ಅದರ ದಿಕ್ಕು ಜೆಟ್‌ಗೆ ಸಮಾಂತರ. ಆಘಾತ ತರಂಗದಲ್ಲಿ ಎಲೆಕ್ಟ್ರಾನ್‌ಗಳಿಗೆ ವೇಗ ಬರುತ್ತದೆ ಎಂಬ ವಾದಕ್ಕೆ ಇದು ದೊಡ್ಡ ಬಲ. ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಕಟ್ಟಿದ ಪಾಲಿಕ್ಸ್ ಉಪಕರಣವೂ 2024ರ ಜನವರಿ 1ರಂದು ಇಸ್ರೋದ ಎಕ್ಸ್‌ಪೋಸ್ಯಾಟ್ ಉಪಗ್ರಹದ ಜೊತೆ ಕಕ್ಷೆ ಸೇರಿದೆ. ಅದರ ಮುಖ್ಯ ಗುರಿ ಪ್ರಖರವಾದ, ಹತ್ತಿರದ ಮೂಲಗಳು.

ಪ್ರಶ್ನೆ: ಉದ್ದ ಜೆಟ್‌ಗಳ ಎಕ್ಸ್‌ರೇ ಹುಟ್ಟುವುದು ಬ್ರಹ್ಮಾಂಡದ ಹಿನ್ನೆಲೆ ವಿಕಿರಣದಿಂದ ಎಂದು ನಮ್ಮ ಎಂಎಸ್ಸಿ ಟಿಪ್ಪಣಿಯಲ್ಲಿದೆ. ಇತ್ತೀಚಿನ ಉಪನ್ಯಾಸವೊಂದರಲ್ಲಿ ಅದು ತಪ್ಪು ಎಂದರು. ಯಾವುದು ಸರಿ? (ವಿದ್ಯಾರ್ಥಿ, ಸೊರಬ)

ಉತ್ತರ: ಟಿಪ್ಪಣಿಯನ್ನು ಹರಿದು ಹಾಕಬೇಡಿ, ಆದರೆ ಅದೇ ಕೊನೆಯ ಮಾತು ಎಂದೂ ನಂಬಬೇಡಿ. ಇದರ ಕಥೆಯನ್ನು ಮೊದಲಿನಿಂದ ಹೇಳುತ್ತೇನೆ.

1999ರ ಜುಲೈ 23ರಂದು ಚಂದ್ರಾ ಹಾರಿತು. ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರು ಹೊತ್ತ ದೂರದರ್ಶಕ. ಆಗಸ್ಟ್‌ನಲ್ಲಿ ಅದರ ಕನ್ನಡಿಗಳ ಫೋಕಸ್ ಸರಿ ಮಾಡಲು ಚುಕ್ಕೆಯಂತೆ ಕಾಣುವ ಒಂದು ಮೂಲ ಬೇಕಿತ್ತು. ಸುಮಾರು 600 ಕೋಟಿ ಜ್ಯೋತಿರ್ವರ್ಷ ದೂರದ ಪಿಕೆಎಸ್ 0637-752 ಎಂಬ ರೇಡಿಯೋ ಪ್ರಬಲ ಕ್ವೇಸಾರ್ ಅನ್ನು ಆರಿಸಿಕೊಂಡರು. ಚುಕ್ಕೆಯ ಪಕ್ಕದಲ್ಲಿ ಉದ್ದಕ್ಕೆ ಚಾಚಿದ ಎಕ್ಸ್‌ರೇ ಜೆಟ್ ಕಂಡಿತು, 2 ಲಕ್ಷ ಜ್ಯೋತಿರ್ವರ್ಷಕ್ಕೂ ಉದ್ದ. ಕನ್ನಡಿ ಹೊಂದಿಸಲು ಹೋದವರಿಗೆ ಸಿಕ್ಕಿದ್ದು ಇಪ್ಪತ್ತೈದು ವರ್ಷ ದಾಟಿದರೂ ಮುಗಿಯದ ಪ್ರಶ್ನೆ.

ಸಮಸ್ಯೆ ಏನೆಂದರೆ, ಆ ಎಕ್ಸ್‌ರೇ ಅತಿಯಾಗಿತ್ತು. ರೇಡಿಯೋ ಅಳತೆ ಮತ್ತು ಕಣ್ಣಿಗೆ ಕಾಣುವ ಬೆಳಕಿನ ಅಳತೆ ಎರಡನ್ನೂ ಸೇರಿಸಿ ಗೆರೆ ಎಳೆದು ಮುಂದುವರಿಸಿದರೆ ಸಿಗುವುದಕ್ಕಿಂತ ಎಕ್ಸ್‌ರೇ ಎಷ್ಟೋ ಮೇಲಿತ್ತು. ಹಾಗಾಗಿ ರೇಡಿಯೋ ಕೊಡುವ ಎಲೆಕ್ಟ್ರಾನ್‌ಗಳೇ ಸುರುಳಿ ಸುತ್ತಿ ಎಕ್ಸ್‌ರೇಯನ್ನೂ ಕೊಡುತ್ತಿವೆ ಎನ್ನುವಂತಿರಲಿಲ್ಲ. ಆಗ ಬಂದದ್ದು ನಿಮ್ಮ ಟಿಪ್ಪಣಿಯ ವಿವರಣೆ: ಮಹಾಸ್ಫೋಟದಿಂದ ಉಳಿದು ಬ್ರಹ್ಮಾಂಡವನ್ನೆಲ್ಲ ತುಂಬಿರುವ ಹಿನ್ನೆಲೆ ವಿಕಿರಣದ ಫೋಟಾನ್‌ಗಳನ್ನು ಜೆಟ್‌ನ ಎಲೆಕ್ಟ್ರಾನ್‌ಗಳು ಹೊಡೆದು ಎಕ್ಸ್‌ರೇ ಮಾಡುತ್ತಿವೆ. ಆ ಕ್ವೇಸಾರ್‌ನ ಕಾಲದಲ್ಲಿ ಈ ಹಿನ್ನೆಲೆಯ ಶಕ್ತಿ ಸಾಂದ್ರತೆ ಈಗಿನದರ ಏಳು ಪಟ್ಟು ಇತ್ತು. ಜೆಟ್ ಲಕ್ಷಾಂತರ ಜ್ಯೋತಿರ್ವರ್ಷ ಹೋದ ಮೇಲೂ ಬೆಳಕಿನ ಹತ್ತಿರದ ವೇಗ ಉಳಿಸಿಕೊಂಡು, ಹೆಚ್ಚುಕಡಿಮೆ ನಮ್ಮ ಕಡೆಗೇ ಬರುತ್ತಿದ್ದರೆ ಲೆಕ್ಕ ಹೊಂದುತ್ತದೆ. ಚೆಂದದ ವಿವರಣೆ. ಹಲವು ವರ್ಷ ಹೆಚ್ಚಿನವರು ಅದನ್ನೇ ಒಪ್ಪಿದ್ದರು.

ಒಳ್ಳೆಯ ಸಿದ್ಧಾಂತಕ್ಕೆ ಪರೀಕ್ಷೆ ಇರಬೇಕು, ಇದಕ್ಕೂ ಇತ್ತು. ಈ ರೀತಿ ಎಕ್ಸ್‌ರೇ ಹುಟ್ಟುತ್ತಿದ್ದರೆ, ಅದೇ ಜೆಟ್‌ನ ಹೆಚ್ಚು ಶಕ್ತಿಯ ಎಲೆಕ್ಟ್ರಾನ್‌ಗಳು ಅದೇ ಹಿನ್ನೆಲೆ ಫೋಟಾನ್‌ಗಳನ್ನು ಹೊಡೆದು ಗಾಮಾ ಕಿರಣ ಕೊಡಲೇಬೇಕು, ಅದೂ ಏರಿಳಿತವಿಲ್ಲದೆ ಸದಾಕಾಲ. 2008ರಲ್ಲಿ ಗಾಮಾ ಕಿರಣ ನೋಡುವ ಫರ್ಮಿ ದೂರದರ್ಶಕ ಹಾರಿತು. ಹಿನ್ನೆಲೆ ವಿಕಿರಣದ ವಿವರಣೆ ಬೇಡುವಷ್ಟು ಗಾಮಾ ಕಿರಣ 3ಸಿ 273ರ ಜೆಟ್‌ನಲ್ಲಿ ಇಲ್ಲ ಎಂದು 2014ರಲ್ಲಿ ಪ್ರಕಟವಾಯಿತು. ಮರುವರ್ಷ ಪಿಕೆಎಸ್ 0637-752ಕ್ಕೂ ಅದೇ ತೀರ್ಪು. ಯಾವ ಜೆಟ್‌ಗಾಗಿ ವಿವರಣೆ ಹುಟ್ಟಿತೋ ಆ ಜೆಟ್‌ನಲ್ಲೇ ಅದು ನಿಲ್ಲಲಿಲ್ಲ.

ಹಾಗಾದರೆ ಉಳಿಯುವುದು, ರೇಡಿಯೋ ಕೊಡುವವಕ್ಕಿಂತ ಬೇರೆಯೇ ಆದ ಇನ್ನೊಂದು ಎಲೆಕ್ಟ್ರಾನ್ ಗುಂಪು ಸುರುಳಿ ಸುತ್ತಿ ಎಕ್ಸ್‌ರೇ ಕೊಡುತ್ತಿದೆ ಎಂಬುದು. ನನ್ನ ಒಲವು ಇತ್ತಲೇ. ಆದರೆ ಇದನ್ನು ಒಪ್ಪುವುದು ಎಷ್ಟು ಭಾರದ ಕೆಲಸ ಎಂದು ನೋಡಿ. ಅಂಥ ಎಲೆಕ್ಟ್ರಾನ್‌ಗೆ ಹತ್ತಾರು ಟೆರಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಬೇಕು. ಜಿನೀವಾ ಬಳಿಯ ದೈತ್ಯ ಕಣ ವೇಗವರ್ಧಕ ಎಲ್‌ಎಚ್‌ಸಿ ಒಂದೊಂದು ಪ್ರೋಟಾನ್‌ಗೆ ಕೊಡುವುದು 6.8 ಟೆರಾ ಎಲೆಕ್ಟ್ರಾನ್‌ವೋಲ್ಟ್. ಅಷ್ಟು ಶಕ್ತಿಯ ಎಲೆಕ್ಟ್ರಾನ್ ಅದನ್ನು ಎಕ್ಸ್‌ರೇಯಾಗಿ ಕಳೆದುಕೊಂಡು ಸೋಲಲು ಕೆಲವು ವರ್ಷ, ಹೆಚ್ಚೆಂದರೆ ಕೆಲವು ದಶಕ ಸಾಕು. ಜೆಟ್ ಮಾತ್ರ ಲಕ್ಷಗಟ್ಟಲೆ ಜ್ಯೋತಿರ್ವರ್ಷ. ಕಪ್ಪುಕುಳಿಯ ಬಳಿ ಹೊರಟ ಎಲೆಕ್ಟ್ರಾನ್ ಅಲ್ಲಿಯವರೆಗೆ ಬದುಕಿ ಬರಲು ಸಾಧ್ಯವೇ ಇಲ್ಲ. ಅಂದರೆ ದಾರಿಯುದ್ದಕ್ಕೂ, ಎಕ್ಸ್‌ರೇ ಕಾಣುವ ಪ್ರತಿ ಜಾಗದಲ್ಲೂ, ಎಲೆಕ್ಟ್ರಾನ್‌ಗಳಿಗೆ ಹೊಸದಾಗಿ ಶಕ್ತಿ ತುಂಬುತ್ತಿರಬೇಕು. ಎಂ87ರಲ್ಲಿ ಇದರ ಸಾಕ್ಷಿಯನ್ನು ನೋಡಿದ್ದೇವೆ. ಅದರ ಜೆಟ್‌ನಲ್ಲಿ ಕಪ್ಪುಕುಳಿಯಿಂದ 200 ಜ್ಯೋತಿರ್ವರ್ಷಕ್ಕೂ ಆಚೆ ಇರುವ ಎಚ್‌ಎಸ್‌ಟಿ-1 ಎಂಬ ಗಂಟು, 2000ದಿಂದ 2005ರ ನಡುವೆ ಎಕ್ಸ್‌ರೇಯಲ್ಲಿ ಸುಮಾರು 50 ಪಟ್ಟು ಪ್ರಖರವಾಗಿ ಆಮೇಲೆ ಮಂಕಾಯಿತು. 2019ರಲ್ಲಿ ನೆರಳಿನ ಚಿತ್ರ ಬಂತಲ್ಲ, 650 ಕೋಟಿ ಸೂರ್ಯರ ತೂಕದ ಕಪ್ಪುಕುಳಿ, ಅದರದೇ ಜೆಟ್ ಇದು.

ಹಾಗಂತ ಹಿನ್ನೆಲೆ ವಿಕಿರಣದ ವಿವರಣೆಯ ಕೆಲಸ ಮುಗಿಯಿತು ಎನ್ನಲಾಗದು. ದೂರ ಹೋದಷ್ಟೂ, ಅಂದರೆ ಹಳೆಯ ಕಾಲಕ್ಕೆ ಹೋದಷ್ಟೂ, ಆ ವಿಕಿರಣ ದಟ್ಟವಾಗುತ್ತದೆ. ಬಿ3 0727+409 ಎಂಬ ಕ್ವೇಸಾರ್‌ನ ಬೆಳಕು ನಮಗೆ ತಲುಪಲು ಸುಮಾರು 1,100 ಕೋಟಿ ವರ್ಷ ಹಿಡಿದಿದೆ. 2016ರಲ್ಲಿ ಪ್ರಕಟವಾದಂತೆ, ಅದರಲ್ಲಿ ಉದ್ದದ ಎಕ್ಸ್‌ರೇ ಜೆಟ್ ಇದೆ, ಅದೇ ಜಾಗದಲ್ಲಿ ರೇಡಿಯೋ ಮಾತ್ರ ಇಲ್ಲವೆನ್ನುವಷ್ಟು ಕ್ಷೀಣ. ಅಲ್ಲಿ ನಿಮ್ಮ ಟಿಪ್ಪಣಿಯ ವಿವರಣೆಯೇ ಚೆನ್ನಾಗಿ ಹೊಂದುತ್ತದೆ. ಪರೀಕ್ಷೆಯಲ್ಲಿ ಬರೆಯುವಾಗ ಎರಡನ್ನೂ ಬರೆಯಿರಿ, ಯಾವ ಜೆಟ್‌ಗೆ ಯಾವುದು ಎಂಬುದನ್ನೂ ಬರೆಯಿರಿ. ಒಂದೇ ಉತ್ತರ ಎಲ್ಲ ಜೆಟ್‌ಗೂ ಸಲ್ಲಬೇಕು ಎಂದು ಆಕಾಶ ನಮಗೆ ಮಾತು ಕೊಟ್ಟಿಲ್ಲ.

ಪ್ರಶ್ನೆ: ಮಲೆನಾಡಿನಲ್ಲಿ ಕೂತು ಇಂಥದ್ದೊಂದನ್ನಾದರೂ ಕಣ್ಣಾರೆ ನೋಡಬಹುದೇ? (ಗೃಹಿಣಿ, ತೀರ್ಥಹಳ್ಳಿ)

ಉತ್ತರ: ಎಕ್ಸ್‌ರೇಯಲ್ಲಿ ಅಲ್ಲ, ಬೆಳಕಿನಲ್ಲಿ ಖಂಡಿತ ನೋಡಬಹುದು. ಜೂನ್ ಬಂದರೆ ನಮ್ಮ ಕಡೆ ಆಕಾಶ ಮುಚ್ಚಿಹೋಗುತ್ತದೆ, ಆ ತಿಂಗಳುಗಳನ್ನು ಬಿಡಿ. ಅಡಿಕೆ ಸುಗ್ಗಿ ಮುಗಿದ ಮೇಲೆ, ಮಾರ್ಚ್ ಕೊನೆಯಲ್ಲಿ ನಡುರಾತ್ರಿಯ ಸುಮಾರಿಗೆ, ಏಪ್ರಿಲ್ ಕೊನೆಗೆ ರಾತ್ರಿ ಹತ್ತೂವರೆಯ ಹೊತ್ತಿಗೆ ಕನ್ಯಾ ರಾಶಿ ನೆತ್ತಿಯ ಹತ್ತಿರ ಬರುತ್ತದೆ. 3ಸಿ 273 ಅಲ್ಲಿದೆ. ಎಂಟು ಇಂಚಿನ ದೂರದರ್ಶಕ, ಒಳ್ಳೆಯ ನಕ್ಷೆ, ಅಮಾವಾಸ್ಯೆಯ ಕತ್ತಲೆ ಬೇಕು. ಕಾಣುವುದು ಸುಮಾರು 13ನೇ ದರ್ಜೆಯ ನಕ್ಷತ್ರದಂಥ ಒಂದು ಚುಕ್ಕೆ. ಅದು ನಮ್ಮಿಂದ 240 ಕೋಟಿ ಜ್ಯೋತಿರ್ವರ್ಷದಾಚೆ ಇದೆ. ಚಂದ್ರ ಅದನ್ನು ಮರೆ ಮಾಡಿದ ಕ್ಷಣವನ್ನು 1962ರಲ್ಲಿ ಆಸ್ಟ್ರೇಲಿಯಾದ ಪಾರ್ಕ್ಸ್‌ನಿಂದ ಅಳೆದೇ ಅದರ ಜಾಗ ಹಿಡಿದದ್ದು. ಮರುವರ್ಷ ಮಾರ್ಟೆನ್ ಸ್ಮಿತ್ ಅದರ ದೂರವನ್ನು ಅರಿತರು. ಚಂದ್ರ ಮರೆಮಾಡುವ ಇದೇ ಉಪಾಯವನ್ನು ಬಳಸಿ ರೇಡಿಯೋ ಮೂಲಗಳನ್ನು ಅಳೆಯಲೆಂದೇ ಗೋವಿಂದ ಸ್ವರೂಪ್ ಊಟಿಯ ಇಳಿಜಾರಿನಲ್ಲಿ 530 ಮೀಟರ್ ಉದ್ದದ ದೂರದರ್ಶಕ ಕಟ್ಟಿಸಿದರು.

ದೂರದರ್ಶಕ ಇಲ್ಲದಿದ್ದರೆ ಬೈನಾಕ್ಯುಲರ್ ಸಾಕಾಗುವ ಒಂದಿದೆ: ಸೆಂಟಾರಸ್ ಎ, ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರದ ರೇಡಿಯೋ ಗ್ಯಾಲಕ್ಸಿ. ಎಕ್ಸ್‌ರೇ ಜೆಟ್ ಚೆನ್ನಾಗಿ ಕಾಣುವ ಅತಿ ಹತ್ತಿರದ ನೆರೆಯಾಕೆ. 3ಸಿ 273 ನೆತ್ತಿಗೆ ಬಂದ ಸುಮಾರು ಒಂದು ಗಂಟೆಗೆ ದಕ್ಷಿಣದಲ್ಲಿ 33 ಡಿಗ್ರಿ ಎತ್ತರದಲ್ಲಿ ಮಂಜಿನ ಚುಕ್ಕೆಯಾಗಿ ಸಿಗುತ್ತದೆ. ಲಂಡನ್ನಿನವರಿಗೆ ಇದು ದಿಗಂತದ ಮೇಲೆ ಬರುವುದೇ ಇಲ್ಲ. ಅಂಗಳದಿಂದ ನೋಡಲು ತೋಟದ ಅಡಿಕೆ ಮರ ಅಡ್ಡ ಬರುತ್ತಿದ್ದರೆ ಸೊಪ್ಪಿನ ಬೆಟ್ಟದ ಮೇಲಿನ ಬಯಲಿಗೆ ಹೋಗಿ, ಟಾರ್ಚಿಗೆ ಕೆಂಪು ಕಾಗದ ಕಟ್ಟಿಕೊಂಡು, ಜೊತೆಗೆ ಇಬ್ಬರನ್ನು ಕರೆದುಕೊಂಡು.

ಪ್ರಶ್ನೆ: ನಾನು ದ್ವಿತೀಯ ಪಿಯುಸಿ. ಇಂಥ ಕೆಲಸ ಮಾಡಬೇಕೆಂದರೆ ಬೆಂಗಳೂರಿಗೋ ವಿದೇಶಕ್ಕೋ ಹೋಗುವ ತನಕ ಕಾಯಬೇಕಾ? (ಶಿಕಾರಿಪುರ)

ಉತ್ತರ: ಬೇಡ ಪುಟ್ಟಿ. ಚಂದ್ರಾ ತೆಗೆದ ದತ್ತಾಂಶ ಇಂತಿಷ್ಟು ಕಾಲ ಕಳೆದ ಮೇಲೆ ಎಲ್ಲರಿಗೂ ಉಚಿತವಾಗಿ ಸಿಗುತ್ತದೆ. ನಮ್ಮದೇ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್ 2015ರ ಸೆಪ್ಟೆಂಬರ್ 28ರಂದು ಹಾರಿತು, ಅದರ ದತ್ತಾಂಶವೂ ಬ್ಯಾಲಾಳುವಿನ ಇಸ್ರೋ ಕೇಂದ್ರದ ಮೂಲಕ ಸಿಗುತ್ತದೆ. ಡಿಎಸ್9 ಎಂಬ ಉಚಿತ ತಂತ್ರಾಂಶವನ್ನು ಕಾಲೇಜಿನ ಕಂಪ್ಯೂಟರಿಗೆ ಹಾಕಿಕೊಂಡು ಮೊದಲು ಎಂ87ರ ಎಕ್ಸ್‌ರೇ ಚಿತ್ರ ತೆರೆ, ಆಮೇಲೆ ಅದರ ರೇಡಿಯೋ ಚಿತ್ರವನ್ನು ಮೇಲಿಟ್ಟು ಗಂಟುಗಳು ಒಂದರ ಮೇಲೊಂದು ಕೂರುತ್ತವೆಯೇ ನೋಡು. ಪುಣೆ ಹತ್ತಿರ ತಲಾ 45 ಮೀಟರ್ ಅಗಲದ 30 ತಟ್ಟೆಗಳಿರುವ ಜಿಎಂಆರ್‌ಟಿ ಎಂಬ ರೇಡಿಯೋ ದೂರದರ್ಶಕ ಇದೆ. ಅದರ ಚಿತ್ರಗಳಲ್ಲಿ ಹೊಸ ರೇಡಿಯೋ ಗ್ಯಾಲಕ್ಸಿ ಹುಡುಕಲು ವಿದ್ಯಾರ್ಥಿಗಳಿಗೆ ತರಬೇತಿ ಕೊಡುವ ರ‍್ಯಾಡ್ ಅಟ್ ಹೋಮ್ ಎಂಬ ಗುಂಪು ನಮ್ಮ ದೇಶದಲ್ಲೇ ಇದೆ, ಅದಕ್ಕೆ ಸೇರಿಕೋ. ಜೊತೆಗೆ ಪೈಥಾನ್ ಕಲಿ, ಲಾಗರಿದಮ್ ಗ್ರಾಫ್ ಎಳೆಯುವುದನ್ನು ಕೈಯಲ್ಲೇ ಅಭ್ಯಾಸ ಮಾಡು. ಮೇಲೆ ಹೇಳಿದ ಇಳಿಜಾರು 80ರದ್ದೋ 40ರದ್ದೋ ಎಂದು ನೀನೇ ಅಳೆದು ಬರೆದು ಕಳಿಸಿದರೆ ನಿನ್ನ ಗ್ರಾಫನ್ನು ಈ ಅಂಕಣದಲ್ಲಿ ಹಾಕುತ್ತೇನೆ.